ಚಪ್ಪಲಿ ಮೆಟ್ಟುವಾಗ ಬರುವ ಕಂಪ್ಲೇಂಟು

ಮೂವತ್ತೊಂದು ವರ್ಷ ನಾನು ಬೈಸಿಕೊಳ್ಳುವುದಕ್ಕಾಗಿಯೇ ಸಂಬಳ ತೆಗೆದುಕೊಂಡವಳು. ಕರೆಂಟು ಹೋದಾಗ ಜನ ಮೊದಲು ಬೈಯುವುದು ಮಳೆಯನ್ನಲ್ಲ, ಗಾಳಿಯನ್ನಲ್ಲ, ಸರ್ಕಾರವನ್ನೂ ಅಲ್ಲ, ಫೋನು ಎತ್ತಿದವರನ್ನು. ವಿಜಯಪುರ, ತಿಕೋಟಾ, ಬಬಲೇಶ್ವರ, ಈ ಮೂರೂ ಊರಿನ ಕರೆಂಟಿನ ಆಫೀಸುಗಳಲ್ಲಿ ಆ ಫೋನು ಎತ್ತುತ್ತಿದ್ದವಳು ನಾನು. ಕಾಗದದಲ್ಲಿ ನನ್ನ ಹುದ್ದೆಗೆ ಬೇರೆ ಹೆಸರಿತ್ತು, ಜನ ಮಾತ್ರ 'ಕಂಪ್ಲೇಂಟ್ ಅಕ್ಕಾರು' ಅನ್ನುತ್ತಿದ್ದರು. ನಿವೃತ್ತಳಾದ ಮೇಲೂ ಗಾಂಧಿ ಚೌಕದಲ್ಲಿ ಬದನೆಕಾಯಿ ಆರಿಸುತ್ತ ನಿಂತಾಗ ಯಾರಾದರೂ ಬಂದು, "ಅಕ್ಕಾರ, ನಮ್ಮ ಓಣ್ಯಾಗ ಮುಂಜಾನಿಯಿಂದ ಲೈಟ್ ಇಲ್ರಿ" ಅನ್ನುತ್ತಾರೆ. ಬದನೆಕಾಯಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಚಟ ಸುಲಭಕ್ಕೆ ಬಿಡುವುದಿಲ್ಲ.

ಈ ಕೆಲಸಕ್ಕೆ ಈಗ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಹಾರ, ಶಾಲಿನ ಸುದ್ದಿ ಇದರಲ್ಲಿಲ್ಲ. ಶಾಲುಗಳ ಮೇಲೆ ಮನೆಯಲ್ಲಿ ಸಂಡಿಗೆ ಒಣಗುತ್ತಿವೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಷ್ಟು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಕಂಪ್ಲೇಂಟು ಬರೆದೆ, ಕೇಳಿಯೂ ಬರೆಯದೆ ಬಿಟ್ಟದ್ದು ಒಂದು. ಆ ಒಂದರಿಂದ ಬಬಲೇಶ್ವರದ ಕಡೆಯ ಒಬ್ಬ ಹೆಣ್ಣುಮಗಳ ಬಲಗೈ ಹೋಯಿತು. ಅದನ್ನು ನುಂಗಿಕೊಂಡು ಉಳಿದದ್ದನ್ನೆಲ್ಲ ಹೇಳಿದರೆ ನನ್ನ ಬಾಯಿಗೆ ರುಚಿ ಇರುವುದಿಲ್ಲ. ಅದಕ್ಕೆ ಬರುತ್ತೇನೆ, ದಾರಿಯಲ್ಲಿ ಇನ್ನೂ ಕೆಲವರು ಸಿಗುತ್ತಾರೆ, ಅವರನ್ನೂ ಮಾತಾಡಿಸಿಕೊಂಡು ಹೋಗೋಣ.

ನನ್ನ ಮೊದಲ ಜಾಗ ವಿಜಯಪುರದಲ್ಲೇ, ಗಾಂಧಿ ಚೌಕಕ್ಕೆ ಹತ್ತಿರದ ಆಫೀಸು. ಒಂದು ಕರಿ ಫೋನು, ಪಕ್ಕದಲ್ಲಿ ಉದ್ದನೆಯ ಕಂಪ್ಲೇಂಟ್ ಬುಕ್ಕು, ಬುಕ್ಕಿಗೆ ದಾರದಿಂದ ಕಟ್ಟಿದ ಪೆನ್ನು. ದಾರ ಕಟ್ಟಿದ್ದು ಜನರ ಭಯಕ್ಕಲ್ಲ, ನಮ್ಮ ಲೈನ್‌ಮನ್‌ಗಳ ಭಯಕ್ಕೆ. ನನಗೋ ಹುಟ್ಟಾ ಅವಸರ, ಮೇಲೆ ಮೂಗಿನ ತುದಿಯಲ್ಲೇ ಸಿಟ್ಟು. ಸೇರಿದ ಮೊದಲ ತಿಂಗಳಲ್ಲೇ ಒಂದು ದಿನ ಊರಿಗೆ ಊರೇ ಕತ್ತಲಾಗಿ, ಫೋನು ಎತ್ತಿ ಎತ್ತಿ ಕೈ ಸೋತಿತ್ತು. ಮತ್ತೊಬ್ಬರು ಫೋನು ಮಾಡಿ, "ನಮ್ಮ ಮನ್ಯಾಗ ಕರೆಂಟ್ ಇಲ್ಲ" ಅಂದರು.

"ಇಡೀ ಊರಾಗ ಇಲ್ರಿ. ನಿಮ್ಮ ಮನಿ ಏನು ಗೋಳಗುಮ್ಮಟ ಐತೇನ್ರಿ, ಅದಕ್ಕ ಬ್ಯಾರೆ ಲೈನ್ ಎಳ್ಯಾಕ?" ಅಂದೆ.

"ಗೋಳಗುಮ್ಮಟ ಅಲ್ಲವಾ, ನಿಮ್ಮ ಇಂಜಿನಿಯರನ ಕ್ವಾರ್ಟರ್ಸು" ಎಂದು ಆ ಕಡೆಯ ದನಿ ಶಾಂತವಾಗಿ ಹೇಳಿತು. ನಮ್ಮ ದೊಡ್ಡ ಸಾಹೇಬರು ಅವರು.

ಮರುದಿನ ಕರೆಸಿದರು. ಬೈಯಲಿಲ್ಲ. "ಗೋಳಗುಮ್ಮಟಕ್ಕ ಯಾವ ಟಿಸಿಯಿಂದ ಕರೆಂಟ್ ಹೋಗ್ತೈತಿ ಹೇಳು" ಅಂದರು. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರು, ನಮ್ಮವರ ಬಾಯಲ್ಲಿ ಅದು ಎಂದೂ ಟಿಸಿಯೇ. ನನಗೆ ಗೊತ್ತಿರಲಿಲ್ಲ. ಹದಿನೈದು ದಿನ ಲೈನ್‌ಮನ್‌ಗಳ ಹಿಂದೆ ಓಣಿ ಓಣಿ ಅಡ್ಡಾಡಿಸಿದರು. ಯಾವ ಟಿಸಿಯ ಕೆಳಗೆ ಯಾವ ಓಣಿ, ಯಾವ ಕಂಬದ ಹತ್ತಿರ ಬೇವಿನ ಟೊಂಗೆ ತಂತಿಗೆ ತಾಗುತ್ತದೆ, ಎಲ್ಲ ಕಾಲಿನಿಂದ ಕಲಿತೆ. ಇದಕ್ಕಿಂತ ಒಳ್ಳೆಯ ಶಿಕ್ಷೆ ನನಗೆ ಆಮೇಲೆ ಯಾರೂ ಕೊಡಲಿಲ್ಲ.

ಅಲ್ಲಿ ಒಬ್ಬ ಅರಿವೆ ಅಂಗಡಿಯವರಿದ್ದರು. ದಿನಾ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಅವರ ಫೋನು: "ಅಂಗಡ್ಯಾಗ ಕರೆಂಟ್ ಹೋಗೈತ್ರಿ." ಲೈನ್‌ಮನ್ ಹೋಗುವಷ್ಟರಲ್ಲಿ ಬಂದಿರುತ್ತಿತ್ತು. ನಾನು ಬೇಸತ್ತು, "ತಕರಾರು ಮಾಡೋದ ಇವರ ಧಂದೆ" ಅಂದೆ. ನಮ್ಮ ಹೆಡ್ ಕ್ಲರ್ಕ್ ದಸ್ತಗೀರ ಸಾಹೇಬರು, ಎಲೆ ಅಡಿಕೆ ಮಡಚುತ್ತ ಕೂತಿದ್ದವರು, ಕನ್ನಡಕದ ಮೇಲಿಂದ ನೋಡಿದರು.

"ತಕರಾರು ಅಂದ್ರ ಏನು ಗೊತ್ತೈತೇನವಾ? ಅರಬ್ಬಿ ಮಾತದು. ಅಲ್ಲಿ ಅದಕ್ಕ ಜಗಳ ಅಂತ ಅರ್ಥ ಇಲ್ಲ. ತಿರುಗಿ ತಿರುಗಿ ಹೇಳೋದು ಅಂತ, ಅಷ್ಟ. ಒಂದ ಸಲ ಹೇಳಿದ್ದನ್ನ ನಾವು ಕೇಳಿದ್ರ ತಕರಾರು ಹುಟ್ಟೂದ ಇಲ್ಲ. ಅದನ್ನ ತಯಾರ ಮಾಡೋರು ನಾವ."

ಅವರ ಮಾತಿಗೆ ನಾಚಿ, ಲೈನ್‌ಮನ್‌ನನ್ನು ಒಂದಕ್ಕೆ ಹತ್ತು ನಿಮಿಷ ಮೊದಲೇ ಅಂಗಡಿಯ ಹಿಂದೆ ನಿಲ್ಲಿಸಿದೆ. ಅವನು ಕಂಡದ್ದು ಇಷ್ಟು: ಮಾಳಿಗೆ ಮನೆಯಿಂದ ಅಂಗಡಿಯವರ ಹೆಂಡತಿ ಇಳಿದು ಬಂದು, ಮೇನ್ ಸ್ವಿಚ್ ಕೆಳಗೆಳೆದು, ಮತ್ತೆ ಹತ್ತಿ ಹೋದರು. ಕೇಳಿದರೆ, "ಗಿರಾಕಿ ಇದ್ರ ಊಟದ ನೆನಪ ಆಗೂದಿಲ್ರಿ ಅವರಿಗೆ. ಕತ್ತಲಾದ್ರ ಮ್ಯಾಲ ಬರ್ತಾರ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ್ರಿ" ಅಂದರಂತೆ. ಬುಕ್ಕಿನಲ್ಲಿ 'ಲೂಸ್ ಕನೆಕ್ಷನ್' ಎಂದು ಬರೆದೆವು. ಆ ಮನುಷ್ಯ ಎಷ್ಟೋ ವರ್ಷ ಹೊತ್ತಿಗೆ ಸರಿಯಾಗಿ ಉಂಡರು.

ಅಲ್ಲಿಂದ ತಿಕೋಟಾಕ್ಕೆ ವರ್ಗವಾಯಿತು. ಅಲ್ಲಿನ ಸಾಹೇಬರು ರಂಗನಾಥ ಎಂದು, ಮೈಸೂರಿನ ಕಡೆಯವರು. ಮೇಜಿನ ಮೇಲೆ ಲೈನಿನ ನಕ್ಷೆ ಇರಬೇಕಾದ ಕಡೆ ಒಂದು ದಪ್ಪನೆಯ ಇಂಗ್ಲಿಷ್ ಡಿಕ್ಷನರಿ ಇಟ್ಟುಕೊಂಡಿದ್ದರು. ಕರೆಂಟು ಹೋದಾಗ ನಾವೆಲ್ಲ ಬೀಸಣಿಕೆ ಹುಡುಕಿದರೆ ಅವರು ಕಿಟಕಿಯ ಬೆಳಕಿಗೆ ಹೋಗಿ ಶಬ್ದಗಳ ಹುಟ್ಟು ಹುಡುಕುತ್ತಿದ್ದರು. ಒಂದು ದಿನ ನನ್ನನ್ನು ಕರೆದರು.

"ಕಸ್ತೂರಿ ಅವರೇ, ದಿನಾ ಕಂಪ್ಲೇಂಟ್ ಕಂಪ್ಲೇಂಟ್ ಅಂತೀರಲ್ಲ, ಆ ಮಾತು ಎಲ್ಲಿಂದ ಬಂತು ಗೊತ್ತಾ? ಲ್ಯಾಟಿನ್‌ನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ. ಮೂಲದಲ್ಲಿ ಎದೆ ಬಡ್ಕೊಳ್ಳೋದು ಅಂತ. ಸತ್ತವರ ಮುಂದೆ ಎದೆ ಎದೆ ಬಡ್ಕೊಂಡು ಅಳ್ತಾರಲ್ಲ, ಅದು."

ನನಗೆ ಈ ಅರ್ಥ ಬಹಳ ಹಿಡಿಸಿತು. ನನ್ನ ಬುಕ್ಕಿಗೆ ಒಮ್ಮೆಲೇ ಘನತೆ ಬಂದಂತಾಯಿತು. ಸಿಕ್ಕ ಸಿಕ್ಕವರಿಗೆಲ್ಲ ಹೇಳಿದೆ, ನಮ್ಮ ಅತ್ತೆಗೂ ಹೇಳಿದೆ. ಅವರು, "ಹಂಗಾದ್ರ ನಾ ದಿನಾ ನಿನ್ನ ಮ್ಯಾಲ ಮಾಡೂದು ಅದ ಅಲ್ಲನ" ಅಂದರು.

ತೊಂದರೆ ಎಂದರೆ, ತಿಕೋಟಾದ ಜನಕ್ಕೆ ಎದೆ ಬಡಿದುಕೊಳ್ಳುವುದು ಗೊತ್ತೇ ಇರಲಿಲ್ಲ. ನಮ್ಮ ಕಡೆಯ ರೂಢಿ ನಿಮಗೂ ಗೊತ್ತಿರಬೇಕು. ಬಂದ ಕೂಡಲೇ ಕೆಲಸ ಹೇಳಿದರೆ 'ಗರಜಿಗೆ ಅಷ್ಟ ಬಂದಾರ' ಅನ್ನಿಸಿಕೊಳ್ಳಬೇಕಾಗುತ್ತದೆ, ಅದು ಸಣ್ಣತನ. ಹಾಗಾಗಿ ದ್ರಾಕ್ಷಿ ಬೆಳೆಯುವ ಯಜಮಾನರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವರು. ಕೂಡುವರು, ನೀರು ಕುಡಿಯುವರು. ನನ್ನ ಮಕ್ಕಳ ಸಾಲಿ, ಅತ್ತೆಯ ಮೊಣಕಾಲು, ಮೋಡದ ಬಣ್ಣ, ಔಷಧ ಹೊಡೆದದ್ದು, ಎಲ್ಲ ಮಾತಾಡುವರು. ಒಂದು ಹಿಡಿ ಒಣದ್ರಾಕ್ಷಿ ಮೇಜಿನ ಮೇಲಿಡುವರು. ಎದ್ದು, ಹೊರಗೆ ಹೋಗಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಹುಡುಕುತ್ತ, "ಮತ್ತೇನಿಲ್ರಿ ಅಕ್ಕಾರ" ಎಂದು ಶುರು ಮಾಡುವರು. ಬಂದ ಕೆಲಸ ಆ 'ಮತ್ತೇನಿಲ್ಲ'ದ ಆಚೆಗೆ ಇರುತ್ತಿತ್ತು. ಫೋನಿನಲ್ಲೂ ಹಾಗೆಯೇ. "ಇಡ್ಲೇನ್ರಿ?" ಅಂದಮೇಲೆಯೇ ನಿಜವಾದ ಮಾತು.

ಒಬ್ಬೊಬ್ಬರಿಗೆ ಕಾಲು ಗಂಟೆ ಹೋಗುವುದನ್ನು ಕಂಡು ರಂಗನಾಥ ಸಾಹೇಬರು ಒಂದು ನಿಯಮ ತಂದರು. ಬಂದವರು ಮೊದಲು ಹೇಳಿದ ತೊಂದರೆಯೇ ಕಂಪ್ಲೇಂಟು. ಒಂದೇ ಸಾಲಿನಲ್ಲಿ ಬರೆದು ಕೆಳಗೆ ಗೆರೆ ಎಳೆಯಬೇಕು. ಗೆರೆ ಎಳೆದಮೇಲೆ ಸೇರಿಸುವಂತಿಲ್ಲ, ಬೇರೆ ಇದ್ದರೆ ಮರುದಿನ ಬಂದು ಬರೆಸಲಿ. "ನಿಜವಾಗಿ ನೋವಿರೋನು ಎದೆ ಬಡ್ಕೊಂಡೇ ಬರ್ತಾನೆ ಕಸ್ತೂರಿ ಅವರೇ, ಕೂತ್ಕೊಂಡು ಮೋಡದ ಬಗ್ಗೆ ಮಾತಾಡಲ್ಲ" ಅಂದರು. ಸಾಹೇಬರು ಕೆಟ್ಟವರಲ್ಲ, ಅವರ ಊರಿನ ಜನ ಹಾಗೆ ಇದ್ದಿರಬಹುದು. ಆದರೆ ನಾನು ಇದೇ ನೆಲದವಳು. ನಾನಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ, ಏಕೆಂದರೆ ನನ್ನ ಅವಸರದ ಜೀವಕ್ಕೆ ಆ ನಿಯಮ ಹಾಲು ಸಕ್ಕರೆಯಂತೆ ಹೊಂದಿತು. ಸ್ಟೀಲಿನ ಫೂಟುಪಟ್ಟಿ ಕೊಂಡೆ. ನನ್ನಷ್ಟು ನೆಟ್ಟಗೆ ಗೆರೆ ಎಳೆಯುವವರು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಮಲ್ಲೇಶಪ್ಪ ಎಂಬ ರೈತರು ಬಂದಾಗ ನಿಯಮದ ಪರೀಕ್ಷೆಯಾಯಿತು. ಕೂತವರೇ, "ಎಲ್ಲಾ ಆರಾಮ ಐತ್ರಿ" ಅಂದರು. ನನಗೆ ಕಿತಾಪತಿ ಹೊಳೆದು, ಅದನ್ನೇ ಬರೆದು ಗೆರೆ ಎಳೆದೆ. ಮರುದಿನ ಲೈನ್‌ಮನ್ ಬುಕ್ಕು ಓದಿ ತಲೆ ಕೆರೆದುಕೊಂಡ.

"ಅಕ್ಕಾರ, ಆರಾಮ ಇದ್ದದ್ದನ್ನ ಏನ್ ರಿಪೇರಿ ಮಾಡ್ಲಿ?"

"ಹೋಗಿ ನೋಡಿ ಬಾರೋ, ಆರಾಮ ಹೆಂಗಿರತೈತಿ ಅಂತರ ಗೊತ್ತಾಗ್ತೈತಿ" ಅಂದೆ.

ಅವನು ನಗುತ್ತ ಹೋದ, ಬರುವಾಗ ನಗುತ್ತಿರಲಿಲ್ಲ. ಒಣದ್ರಾಕ್ಷಿ ಶೆಡ್ಡಿನ ಮೇಲೆ ತಂತಿ ಕೈಗೆಟುಕುವಷ್ಟು ಜೋತುಬಿದ್ದಿತ್ತಂತೆ, ಕೆಳಗೆ ಹೆಣ್ಣುಮಕ್ಕಳು ದ್ರಾಕ್ಷಿ ಹರವುತ್ತಿದ್ದರಂತೆ. ಅದನ್ನು ಹೇಳಲೆಂದೇ ಮಲ್ಲೇಶಪ್ಪ ಬಂದದ್ದು, ಚಪ್ಪಲಿ ಮೆಟ್ಟುವಾಗ ಹೇಳಿಯೂ ಇದ್ದರು, ನಾನು ಆಗಲೇ ಮುಂದಿನವರನ್ನು ಕರೆದಿದ್ದರಿಂದ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಅಂದು ನನ್ನ ಕುಚೇಷ್ಟೆಯಿಂದಲೇ ಬಚಾವಾದೆವು. ಬುದ್ಧಿ ಕಲಿಯಬಹುದಿತ್ತು, ಆದರೆ ನಾನು ಈ ಕಥೆಯನ್ನು ಚಹಾ ಕುಡಿಯುವಾಗ ಹೇಳಿ ನಗಿಸುತ್ತ ಕಾಲ ಕಳೆದೆ.

ಮುಂದೆ ಬಬಲೇಶ್ವರ. ರಂಗನಾಥ ಸಾಹೇಬರು ತಮ್ಮ ಊರ ಕಡೆ ಹೋಗಿಯಾಗಿತ್ತು, ಅವರ ನಿಯಮ ಮಾತ್ರ ಫೂಟುಪಟ್ಟಿಯ ಜೊತೆ ನನ್ನ ಚೀಲದಲ್ಲಿ ಬಂತು. ಅಲ್ಲಿ ಆ ನಿಯಮವನ್ನು ಕೇಳುವವರಿರಲಿಲ್ಲ, ಆದರೂ ಗೆರೆ ಎಳೆಯುತ್ತಿದ್ದೆ.

ಒಂದು ಸಂತೆಯ ದಿನ ಹೊನ್ನವ್ವ ಬಂದಳು. ಊರ ಹೊರಗೆ ಹೊಲದಲ್ಲಿ ಮನೆ, ಮಗ ಕುರಿ ಕಾಯುವವನು, ಸೊಸೆ ಮಾಳವ್ವ ಮನೆ ಹೊಲ ಎರಡೂ ನೋಡುವವಳು. ಹೊನ್ನವ್ವ ನೆಲದ ಮೇಲೆಯೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಉಂಡೇನವಾ?" ಅಂದಳು.

"ಹೂಂ ಆಯಿ. ಏನ್ ತೊಂದ್ರಿ ಹೇಳು ಲಗೂನ."

"ತೊಂದ್ರಿ ಏನೈತವಾ. ಬಲ್ಬ ಒಂದೀಟು ಮಂದ ಉರೀತೈತಿ."

'ಬಲ್ಬ್ ಮಂದ' ಎಂದು ಬರೆದು ಗೆರೆ ಎಳೆದೆ. ಅವಳು ಕುರಿಗಳಿಗೆ ಕಾಲುರೋಗ ಬಂದದ್ದು, ಸೊಸೆ ಬಡಿಯುವ ರೊಟ್ಟಿ ಎಷ್ಟು ತೆಳ್ಳಗೆ ಎಂಬುದು, ಇನ್ನೂ ಏನೇನೋ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತ ತಿಂಗಳ ತಖ್ತೆ ತುಂಬುತ್ತಿದ್ದೆ. ಕೊನೆಗೆ ಎದ್ದು ಬಾಗಿಲ ಹೊರಗೆ ಹೋಗಿ, ಚಪ್ಪಲಿ ಮೆಟ್ಟುತ್ತ ಅಂದಳು:

"ಮತ್ತೇನಿಲ್ಲವಾ. ಆ ಕಂಬದಿಂದ ನೆಲಕ್ಕ ಎಳದು ಕಟ್ಟ್ಯಾರಲ್ಲ ತಂತಿ, ಅದನ್ನ ಮುಟ್ಟಿದ್ರ ಕೈ ಜುಮ್ ಅಂತೈತಿ. ಕುರಿ ಸೈತ ಅತ್ತಾಗ ಹೋಗವಲ್ವು."

ಗೆರೆ ಎಳೆದಾಗಿತ್ತು. ತಲೆ ಎತ್ತದೆ, "ಅದಕ್ಕ ಬ್ಯಾರೆ ಬರಸಬೇಕು ಆಯಿ, ನಾಳೆ ಬಾ" ಅಂದೆ. "ಆತು" ಎಂದು ಹೊರಟಳು. ನಾಳೆ ಬರಲು ಅವಳಿಗೆ ಎಷ್ಟು ಮೈಲಿ ನಡೆಯಬೇಕು ಎಂದು ನಾನು ಕೇಳಲಿಲ್ಲ. ಲೈನ್‌ಮನ್ ಸಿದ್ರಾಮ ಹೋಗಿ ಬಲ್ಬು ಬದಲಿಸಿ ಬಂದ. 'ನೋಡಲಾಗಿದೆ' ಎಂದು ಸಹಿ ಮಾಡಿದೆವು.

ನಾಲ್ಕನೇ ದಿನ ಮಳೆ ಬಂತು. ತೊಯ್ದ ನೆಲದಲ್ಲಿ ಟಗರೊಂದು ಆ ತಂತಿಗೆ ತಾಗಿ ಬಿತ್ತು. ಮಾಳವ್ವ ಅದನ್ನು ಎಳೆಯಲು ಹೋಗಿ, ಜಾರಿ, ಬಲಗೈಯಲ್ಲಿ ತಂತಿಯನ್ನೇ ಹಿಡಿದಳು. ಗಂಡ ಒಣ ಬಡಿಗೆಯಿಂದ ಬಡಿದು ಬಿಡಿಸಿದ. ಜೀವ ಉಳಿಯಿತು. ಸುಟ್ಟ ಬೆರಳುಗಳು ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಸುದ್ದಿ ಕೇಳಿದಾಗ ನನ್ನ ಮುಂದೆ ಬುಕ್ಕು ತೆರೆದೇ ಇತ್ತು, ನನ್ನ ನೆಟ್ಟನೆಯ ಗೆರೆ ಅದರಲ್ಲಿತ್ತು. ಅಂದಿನಷ್ಟು ನನ್ನ ಮೇಲೆ ನನಗೆ ಹೇಸಿಗೆ ಎಂದೂ ಆಗಿಲ್ಲ.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಸಿದ್ರಾಮ ನೌಕರಿಯ ಭಯಕ್ಕೆ, ಆ ಮನೆಯವರು ಕುರಿದೊಡ್ಡಿಯ ಬೆಳಕಿಗೆ ಲೈನಿಗೆ ಕದ್ದು ಕೊಕ್ಕೆ ಹಾಕಿದ್ದರು, ಅದರಿಂದಲೇ ಕರೆಂಟು ಹರಿದಿದೆ ಎಂದು ಹೇಳಿಕೆ ಕೊಟ್ಟ. ಅಧಿಕಾರಿ ನನ್ನ ಬುಕ್ಕು ತಿರುವಿದರು. ಶಾಕ್ ಹೊಡೆಯುತ್ತದೆ ಎಂಬ ಕಂಪ್ಲೇಂಟು ಎಲ್ಲೂ ಇರಲಿಲ್ಲ. ಬಲ್ಬಿನ ದೂರು ಕೊಡಲು ಬಂದವರು ಶಾಕಿನ ದೂರು ಕೊಡಲಿಲ್ಲ ಎಂದರೆ ಅವರದೇ ತಪ್ಪು ಎಂಬುದು ಅಧಿಕಾರಿಯ ಲೆಕ್ಕ. ನಾನು ಸುಮ್ಮನಿದ್ದಿದ್ದರೆ ಕೈ ಕಳೆದುಕೊಂಡವಳ ಗಂಡನ ಮೇಲೆ ಕಳವಿನ ಕೇಸು ಬೀಳುತ್ತಿತ್ತು.

ಸುಮ್ಮನಿರಲಿಲ್ಲ. "ಹೊನ್ನವ್ವ ಆ ತಂತಿಯ ಸುದ್ದಿ ಹೇಳಿದ್ದಳು ಸಾರ್" ಅಂದೆ. ಅವರು, "ಮತ್ತೆ ಬರೆಯಲಿಲ್ಲ ಯಾಕೆ?" ಅಂದರು. ಅಲ್ಲಿ ನನ್ನ ಧೈರ್ಯ ಅರ್ಧಕ್ಕೇ ನಿಂತಿತು. "ಅದೇ ಹೊತ್ತಿಗೆ ಫೋನು ರಿಂಗಾಗುತ್ತಿತ್ತು ಸಾರ್, ಪೂರ್ತಿ ಕೇಳಿಸಲಿಲ್ಲ" ಅಂದೆ. ಅವರು ಹಾಗೆಯೇ ಬರೆದುಕೊಂಡರು. ಸ್ಥಳ ನೋಡಿದಾಗ ಕೊಕ್ಕೆಯ ಗುರುತೇ ಇರಲಿಲ್ಲ, ಕರೆಂಟು ಕೆಳಗಿಳಿಯದಂತೆ ಆ ತಂತಿಯ ನಡುವೆ ಇರಬೇಕಾದ ಪಿಂಗಾಣಿ ಗುಂಡೂ ಇರಲಿಲ್ಲ. ಕಳವಿನ ಕೇಸು ಅಲ್ಲಿಗೇ ಬಿದ್ದುಹೋಯಿತು. ನನಗೊಂದು ಮೆತ್ತನೆಯ ಮೆಮೊ ಬಂತು. ಆಫೀಸಿನಲ್ಲಿ ಎಲ್ಲರೂ ನಾನು ಆ ಬಡವರನ್ನು ಉಳಿಸಿದೆ ಅಂದರು. ನಾನೂ ಬೇಡ ಅನ್ನಲಿಲ್ಲ.

ನೌಕರಿಯ ಕೊನೆಯ ವರ್ಷಗಳು ಮತ್ತೆ ವಿಜಯಪುರದಲ್ಲಿ ಕಳೆದವು. ಬುಕ್ಕು ಹೋಗಿ ಕಂಪ್ಯೂಟರು ಬಂತು, ಕಿವಿಗೆ ಹೆಡ್‌ಫೋನು ಬಂತು. ಪರದೆಯ ಮೇಲೆ ತೊಂದರೆಗಳ ಪಟ್ಟಿ ಇರುತ್ತದೆ, ಒಂದನ್ನು ಒತ್ತಿದರೆ ನಂಬರು ಹುಟ್ಟುತ್ತದೆ. ವಾಟ್ಸಾಪಿನಲ್ಲಿ ಫೋಟೋ ಬರುತ್ತವೆ. ಇಟ್ಟಂಗಿಹಾಳದವನೊಬ್ಬ ಸುಟ್ಟ ಟಿಸಿಯ ಮುಂದೆ ಕೂದಲು ತೀಡಿಕೊಂಡು ನಿಂತ ಸೆಲ್ಫಿ ಕಳಿಸಿದ್ದ. ಟಿಸಿ ಹೊಗೆಯಾಡುತ್ತಿತ್ತು, ಅವನು ಮದುಮಗನಂತೆ ನಗುತ್ತಿದ್ದ. ಇದೆಲ್ಲ ಒಳ್ಳೆಯದೇ. ಬರೆದದ್ದನ್ನು ಯಾರೂ ಅಳಿಸುವಂತಿಲ್ಲ, ಎಷ್ಟು ಹೊತ್ತಿಗೆ ಬಂತು ಎಂಬುದೂ ಉಳಿಯುತ್ತದೆ. ಆದರೆ ಆ ಪಟ್ಟಿಯಲ್ಲಿ 'ಮತ್ತೇನಿಲ್ಲ' ಎಂಬ ಸಾಲು ಇಲ್ಲ. ತೊರವಿಯ ಹೊಲದಲ್ಲಿರುವ ಅಜ್ಜಿ ಈಗಲೂ ಮೊದಲು ಊಟದ ಸುದ್ದಿಯನ್ನೇ ಕೇಳುತ್ತಾಳೆ. ಹಾಗಾಗಿ ನಾನು "ಇಡ್ಲೇನ್ರಿ?" ಎಂಬ ಮಾತು ಬಂದಮೇಲೂ ಫೋನು ಇಡದೆ, "ಮತ್ತೇನರ ಐತೇನ್ರಿ?" ಎಂದು ಕೇಳುತ್ತಿದ್ದೆ. ಎದೆ ಬಡಿದುಕೊಂಡವರ ಮನೆಯ ಫ್ಯೂಸಷ್ಟೇ ಹೋಗಿರುತ್ತಿತ್ತು. ಕಂಬ ಬಿದ್ದ ಸುದ್ದಿ ಮೆತ್ತಗೆ ಮಾತಾಡುವವರಿಂದಲೇ ಬರುತ್ತಿತ್ತು. ಆ ಇಂಗ್ಲಿಷ್ ಮಾತು ಹುಟ್ಟಿದ ಊರಿನ ಜನ ಬೇರೆ, ನಮ್ಮವರು ಬೇರೆ.

ನಿವೃತ್ತಳಾದ ವರ್ಷವೇ ಬಬಲೇಶ್ವರಕ್ಕೆ ಹೋದೆ. ಹೊನ್ನವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹೊಸ ಕಂಬ ದೂರದಿಂದಲೇ ಕಂಡಿತು. ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ. ಕಂಬಳಿ ಹಾಸಿದರು, ನೀರು ಕೊಟ್ಟರು, "ಉಂಡ ಹೋಗಬೇಕು" ಎಂದು ಕೂಡಿಸಿದರು. ಮಾಳವ್ವ ಒಲೆಯ ಮುಂದೆ ಕೂತು ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಮಡಚಿದ ಬಲಗೈಯ ಗೆಣ್ಣಿನಿಂದ ಹಿಟ್ಟನ್ನು ಒತ್ತಿ ತಿರುಗಿಸುವಳು. ರೊಟ್ಟಿ ದಪ್ಪಗಿದ್ದವು. ನಾನು ಎರಡು ತಿಂದೆ.

ಹೊನ್ನವ್ವ ಕುರಿ, ಮಳೆ, ನನ್ನ ಮಕ್ಕಳ ಲಗ್ನ, ಎಲ್ಲ ವಿಚಾರಿಸಿದಳು. ಕೈಯ ಸುದ್ದಿ ಯಾರೂ ಎತ್ತಲಿಲ್ಲ. ಎದ್ದು ಹೊರಗೆ ಬಂದೆ. ಈ ಸಲ ಚಪ್ಪಲಿ ಮೆಟ್ಟುತ್ತಿದ್ದವಳು ನಾನು, ಬಾಗಿಲಲ್ಲಿ ನಿಂತವಳು ಅವಳು.

"ಮತ್ತೇನಿಲ್ಲವಾ," ಅಂದಳು. "ಅವತ್ತು ಫೋನ್ ರಿಂಗ್ ಆಗಾಕತ್ತಿತ್ತು ಅಂತ ಬರಸೀಯಂತ. ಆ ವಿಚಾರಣಿ ಕಾಗದ ನನ್ನ ಮಗ ಓದಿಸಿಕೊಂಡು ಬಂದಿದ್ದ. ನನ್ನ ಕಿವಿಗೆ ಆ ಫೋನ್ ಕೇಳಿಸಿದ ನೆನಪಿಲ್ಲ. ರಿಂಗ್ ಆಗಿತ್ತೇನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಇಟ್ಟುಕೊಂಡಿದ್ದ ಒಂದೇ ಮಾತು ಅದು.

"ಇಲ್ಲ ಆಯಿ," ಅಂದೆ. "ಆಗಿರಲಿಲ್ಲ. ನೀ ಹೇಳಿದ್ದು ನನಗ ಪೂರ್ತಿ ಕೇಳಿಸಿತ್ತು."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು.

"ಹಂಗಾದ್ರ ಅದನ್ನ ಬರಿ" ಅಂದಳು.

ಆ ಬುಕ್ಕು ಈಗ ನನ್ನ ಕೈಯಲ್ಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಹೊನ್ನವ್ವ, ಹೊಲದ ಮನೆ, ಬಬಲೇಶ್ವರ. ಕಂಬದ ತಂತಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಕುರಿಗಳು ಆ ಕಡೆ ಹೋಗುವುದಿಲ್ಲ. ಬಂದು ಹೇಳಿದ್ದಾಳೆ. ನನಗೆ ಪೂರ್ತಿ ಕೇಳಿಸಿದೆ.